‘ಮಗ ಒಳಗೆ ಏನು ಹೇಳಿದ?’

ಆಪ್ತ ಸಲಹೆಗಾರರ ಕೊಠಡಿಯಿಂದ ಹುಡುಗ ಹೊರಬಂದ ಕೂಡಲೇ ಪಾಲಕರು ಕೇಳುವ ಪ್ರಶ್ನೆ ಇದು. ಉತ್ತರ ಸಿಗದಿದ್ದರೆ ಸಿಟ್ಟು. (ಎಲ್ಲ ತಿಳಿದಿರಬೇಕೆಂಬ ಚಾಳಿ ಮೇಷ್ಟ್ರಾದ ನನಗೂ ಇದೆ.) ಆದರೆ ಹೇಳಿದ್ದು ಹೊರಗೆ ಹೋಗದೆಂಬ ನಂಬಿಕೆಯಿಲ್ಲದೆ ಯಾರೂ ಬಾಯಿ ಬಿಡುವುದಿಲ್ಲ. ಮನೋಚಿಕಿತ್ಸೆ ನಿಂತಿರುವುದೇ ಅದರ ಮೇಲೆ.

ಹಾಗಾದರೆ ಗುಟ್ಟಿಗೆ ಮಿತಿಯೇ ಇಲ್ಲವೇ? 1969ರಲ್ಲಿ ಅಮೆರಿಕದ ಬರ್ಕ್‌ಲಿಯಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಯೊಬ್ಬ, ತನ್ನನ್ನು ನಿರಾಕರಿಸಿದ ಯುವತಿಯನ್ನು ಕೊಲ್ಲುವುದಾಗಿ ತನ್ನ ಮನಶ್ಶಾಸ್ತ್ರಜ್ಞರಿಗೆ ಹೇಳಿದ. ಅವರು ಕ್ಯಾಂಪಸ್ ಪೊಲೀಸರಿಗೆ ತಿಳಿಸಿದರು. ಪೊಲೀಸರು ಹಿಡಿದು, ವಿಚಾರಿಸಿ, ಬಿಟ್ಟುಬಿಟ್ಟರು. ಯುವತಿಗಾಗಲಿ ಅವಳ ಮನೆಯವರಿಗಾಗಲಿ ಯಾರೂ ಒಂದು ಮಾತು ಹೇಳಲಿಲ್ಲ. ಅಕ್ಟೋಬರ್‌ನಲ್ಲಿ ಟಟಿಯಾನಾ ಟ್ಯಾರಸಾಫ್ ಅವನ ಕೈಯಲ್ಲೇ ಕೊಲೆಯಾದಳು. ತಂದೆತಾಯಿ ಮೊಕದ್ದಮೆ ಹೂಡಿದರು. ಅಪಾಯದಲ್ಲಿರುವವರ ರಕ್ಷಣೆಗೆ ತಕ್ಕ ಕ್ರಮ ಕೈಗೊಳ್ಳುವುದು ಚಿಕಿತ್ಸಕರ ಹೊಣೆ ಎಂದು 1976ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ತೀರ್ಪಿತ್ತಿತು.

ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಗೋಪ್ಯತೆಯನ್ನು ಹಕ್ಕೆಂದು ಒಪ್ಪುತ್ತದೆ. ಜೀವಾಪಾಯವಿದ್ದಾಗ, ಇತರರಿಗೆ ಹಾನಿಯಾಗುವಂತಿದ್ದಾಗ ವಿನಾಯಿತಿ ಕೊಡುತ್ತದೆ.

ಒಳ್ಳೆಯ ಸಲಹೆಗಾರರು ಯಾವ ಗುಟ್ಟನ್ನು ಕಾಯಲಾಗದೆಂಬುದನ್ನು ಮೊದಲ ದಿನವೇ ಹುಡುಗನಿಗೂ ಪಾಲಕರಿಗೂ ಹೇಳಿಬಿಡುತ್ತಾರೆ. ಆಮೇಲೆ ನಿದ್ದೆ, ಊಟ, ಓದು ವಿಚಾರಿಸಿ, ಸಾಯುವ ಯೋಚನೆ ಬಂದಿದೆಯೇ ಎಂದೂ ನೇರವಾಗಿ ಕೇಳುತ್ತಾರೆ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ.