ಕಾರ್ಖಾನೆಯೊಳಗಿನ ಹೊಡೆದಾಟ: ಗಾಯದ ಹೊಣೆ ಯಾರದು?

ಸಣ್ಣ ಎಂಜಿನಿಯರಿಂಗ್ ಘಟಕವೊಂದರಲ್ಲಿ ಲೇತ್ ಯಂತ್ರವನ್ನು ಮೊದಲು ಯಾರು ಬಳಸಬೇಕೆಂಬ ವಿಷಯದಲ್ಲಿ ಮಾತಿಗೆ ಮಾತು ಬೆಳೆದು, ಒಬ್ಬ ಕಾರ್ಮಿಕ ಇನ್ನೊಬ್ಬನ ತಲೆಗೆ ಸ್ಪ್ಯಾನರ್‌ನಿಂದ ಹೊಡೆದನೆಂದು ಭಾವಿಸಬಹುದು. ‘ಹೊಡೆದವನು ಅವನು, ಮಾಲೀಕರಿಗೇನು ಸಂಬಂಧ?’ ಎಂಬ ಪ್ರಶ್ನೆ ಸಹಜ. ಕಾನೂನಿನ ಉತ್ತರ ಅಷ್ಟು ಸರಳವಲ್ಲ.

ಉದ್ಯೋಗದ ಅವಧಿಯಲ್ಲಿ ಮತ್ತು ಉದ್ಯೋಗದ ಕಾರಣದಿಂದ ಸಂಭವಿಸಿದ ಅಪಘಾತಕ್ಕೆ 1923ರ ಪರಿಹಾರ ಕಾಯಿದೆಯು ಮಾಲೀಕನನ್ನು ಹೊಣೆಯಾಗಿಸಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯು ಆ ಕಾಯಿದೆಯ ಸ್ಥಾನವನ್ನು ಪಡೆದರೂ ಈ ಮಾನದಂಡವನ್ನು ಉಳಿಸಿಕೊಂಡಿದೆ. ಬೇಕೆಂದೇ ಹೊಡೆದ ಪೆಟ್ಟು ಅಪಘಾತವಾಗುವುದು ಹೇಗೆ? ಪೆಟ್ಟು ತಿಂದವನ ಪಾಲಿಗೆ ಅದು ಅನಿರೀಕ್ಷಿತವೇ. ಆಟೋರಿಕ್ಷಾ ಅಪಹರಣದ ವೇಳೆ ಕೊಲೆಯಾದ ಚಾಲಕನ ಸಾವನ್ನು ಸುಪ್ರೀಂ ಕೋರ್ಟ್ 2000ದ ರೀಟಾ ದೇವಿ ಪ್ರಕರಣದಲ್ಲಿ, ಮೋಟಾರು ವಾಹನ ಕಾಯಿದೆಯಡಿ, ಅಪಘಾತವೆಂದೇ ಪರಿಗಣಿಸಿತು. ಕೊಲೆಯೇ ಮೂಲ ಉದ್ದೇಶವಾಗಿದ್ದರೆ ಮಾತು ಬೇರೆಯೆಂದೂ ಹೇಳಿತು.

ಆದುದರಿಂದ ಜಗಳದ ಮೂಲವೇ ನಿರ್ಣಾಯಕ. ಯಂತ್ರ, ಪಾಳಿ, ಉಪಕರಣ, ಮೇಸ್ತ್ರಿಯ ಆದೇಶ ಇವುಗಳಿಂದ ಹುಟ್ಟಿದ ಕಲಹವಾದರೆ ಹೊಣೆ ಮಾಲೀಕನತ್ತ ವಾಲುತ್ತದೆ. ಊರಿನ ಹಳೆಯ ದ್ವೇಷ ಅಥವಾ ಕೈಸಾಲದ ತಗಾದೆ ಕಾರ್ಖಾನೆಯ ಆವರಣದಲ್ಲಿ ಸ್ಫೋಟಗೊಂಡರೆ, ಸ್ಥಳ ಕಾರ್ಖಾನೆಯಾದ ಮಾತ್ರಕ್ಕೆ ಹೊಣೆ ಬರುವುದಿಲ್ಲ. ಗಾಯಾಳು ಮದ್ಯದ ಅಮಲಿನಲ್ಲಿದ್ದುದೇ ಗಾಯಕ್ಕೆ ನೇರ ಕಾರಣವೆಂದು ಸಾಬೀತಾದರೂ ವಿನಾಯಿತಿಯುಂಟು. ಆದರೆ ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಉಂಟಾದಲ್ಲಿ ಆ ವಿನಾಯಿತಿ ದೊರೆಯದು. ಇ.ಎಸ್.ಐ. ವ್ಯಾಪ್ತಿಯ ಕಾರ್ಮಿಕನಿಗೆ ಸೌಲಭ್ಯ ನೀಡುವುದು ನಿಗಮ. ವಂತಿಗೆ ಕಟ್ಟದ ಘಟಕಕ್ಕೆ ಈ ನೆಮ್ಮದಿಯಿಲ್ಲ.

ಹತ್ತಿರದ ನರ್ಸಿಂಗ್ ಹೋಂನ ಬಿಲ್ಲು ಪಾವತಿಸಿ, ‘ಇನ್ನು ಯಾವ ತಕರಾರೂ ಇಲ್ಲ’ ಎಂದು ಬರೆಸಿಕೊಳ್ಳುವ ಪದ್ಧತಿ ಹಲವೆಡೆ ಉಂಟು. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಇಂತಹ ಕಾಗದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ. ಅದೇ ದಿನ ಅಪಘಾತ ವಹಿಯಲ್ಲಿ ನಮೂದಿಸಿ, ಕಂಡವರ ಹೇಳಿಕೆ ಪಡೆದು, ಜಗಳದ ಕಾರಣವನ್ನು ಸ್ಪಷ್ಟವಾಗಿ ಬರೆದಿಡುವುದೇ ಕ್ಷೇಮ. ಆರು ತಿಂಗಳ ನಂತರ ಸಾಕ್ಷಿಗಳು ಬೇರೆ ಕೆಲಸ ಹಿಡಿದಿರುತ್ತಾರೆ.

ಹೊಡೆದವನ ಮೇಲಿನ ಶಿಸ್ತುಕ್ರಮ ಪ್ರತ್ಯೇಕ ವಿಷಯ. ಆರೋಪಪತ್ರ, ವಿಚಾರಣೆ ಇಲ್ಲದೆ ಅಂದೇ ಗೇಟಿನ ಹೊರಗೆ ಕಳುಹಿಸಿದರೆ ಕಾರ್ಮಿಕ ನ್ಯಾಯಾಲಯದಲ್ಲಿ ಮಾಲೀಕನೇ ಸೋಲಬಹುದು. ಕರ್ನಾಟಕದ ಕಾಲೇಜೊಂದರಲ್ಲಿ ಪ್ರಾಂಶುಪಾಲರನ್ನು ಚಪ್ಪಲಿಯಿಂದ ಹೊಡೆದ ಉಪನ್ಯಾಸಕನ ಪ್ರಕರಣದಲ್ಲಿ, ಪ್ರಚೋದನೆಯಿತ್ತೆಂಬ ಕಾರಣಕ್ಕೆ ಶಿಕ್ಷೆ ತಗ್ಗಿಸಿದ್ದನ್ನು ಸುಪ್ರೀಂ ಕೋರ್ಟ್ 2005ರ ಡಿಸೆಂಬರ್‌ನಲ್ಲಿ ಒಪ್ಪದೆ ವಜಾ ಆದೇಶವನ್ನು ಎತ್ತಿಹಿಡಿಯಿತು.