ಕಹಿಯನ್ನು ಒಲಿಸಿಕೊಂಡ ಅಡುಗೆಮನೆ

ಮರದಿಂದ ಆಗಷ್ಟೇ ಕಿತ್ತ ಆಲಿವ್ ಕಾಯಿಯನ್ನು ಒಮ್ಮೆ ಕಚ್ಚಿದವರು ಇನ್ನೊಮ್ಮೆ ಕಚ್ಚುವುದಿಲ್ಲ. ಕಹಿ, ಒಗರು ಎರಡೂ ಸೇರಿ ನಾಲಗೆಗೆ ಮೆತ್ತಿಕೊಳ್ಳುತ್ತವೆ. ನೀರು ಕುಡಿದರೂ ಬಿಡುವುದಿಲ್ಲ. ಇಂಥ ಕಾಯಿಯನ್ನು ನಂಬಿ ಗ್ರೀಸ್ ದೇಶದ ಜನ ಸಾವಿರಾರು ವರ್ಷಗಳಿಂದ ಉಂಡು ಬಾಳಿದ್ದಾರೆ. ಅವರ ಊಟದಲ್ಲಿ ಕುರಿಹಾಲಿನ ಫೆಟಾ ಇದೆ, ಬಾರ್ಲಿಯ ಗಟ್ಟಿ ರೊಟ್ಟಿ ಇದೆ, ಬೇಳೆಕಾಳು, ಮೀನು ಎಲ್ಲ ಇವೆ. ಆದರೂ ಆ ಅಡುಗೆಯನ್ನು ಅರಿಯಲು ಹಿಡಿಯಬೇಕಾದ ಎಳೆ ಈ ಕಹಿಯೇ ಎಂದು ನನಗೆ ಅನ್ನಿಸುತ್ತದೆ.

ಆ ಕಹಿಗೆ ಕಾರಣವಾದ ರಾಸಾಯನಿಕ ಒಲ್ಯೂರೋಪೀನ್. ಎಳೆಗಾಯಿಯನ್ನು ಪೂರ್ತಿ ಒಣಗಿಸಿ ತೂಗಿದರೆ ಶೇ. 14ರವರೆಗೂ ಅದೇ ಇರಬಹುದು. ಮರಕ್ಕೆ ಇದೊಂದು ಆಯುಧ. ಜೀವಕೋಶದೊಳಗೆ ಒಲ್ಯೂರೋಪೀನ್ ಒಂದು ಕೋಣೆಯಲ್ಲಿದ್ದರೆ, ಅದನ್ನು ಸೀಳುವ ಬೀಟಾ-ಗ್ಲುಕೋಸಿಡೇಸ್ ಎಂಬ ಕಿಣ್ವ ಇನ್ನೊಂದರಲ್ಲಿರುತ್ತದೆ. ಹುಳು ಎಲೆಯನ್ನು ಅಗಿದು ಕೋಶ ಒಡೆದ ಕೂಡಲೇ ಎರಡೂ ಬೆರೆಯುತ್ತವೆ. ಆಗ ಹುಟ್ಟುವ ಪದಾರ್ಥ ಪ್ರೋಟೀನುಗಳನ್ನು ಒಂದಕ್ಕೊಂದು ಅಂಟಿಸಿ ಕೆಡಿಸುತ್ತದೆ. ಹುಳುವಿನ ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದಿಲ್ಲ.

ಈ ಆಯುಧವನ್ನು ಕಳಚಿಡಲು ಗ್ರೀಕರು ಹಲವು ದಾರಿ ಕಂಡುಕೊಂಡರು. ಹಸಿರು ಕಾಯಿಯನ್ನು ಕಲ್ಲಿನಿಂದ ಜಜ್ಜಿ, ದಿನವೂ ನೀರು ಬದಲಿಸಿ, ವಾರ ಹತ್ತು ದಿನದಲ್ಲಿ ಕಹಿ ಇಳಿಸುವುದು ಒಂದು ಬಗೆ. ಕಲಮಾಟಾದ ನೇರಳೆ ಬಣ್ಣದ ಹಣ್ಣಿಗೆ ಸೀಳು ಹಾಕಿ ಉಪ್ಪುನೀರು, ವಿನೆಗರ್‌ಗಳಲ್ಲಿ ಇಡುತ್ತಾರೆ. ಥಾಸೋಸ್ ದ್ವೀಪದಲ್ಲಿ ಹಣ್ಣನ್ನು ಮರದಲ್ಲೇ ಕಳಿಯಲು ಬಿಟ್ಟು, ಆಮೇಲೆ ಒಣ ಉಪ್ಪಿನಲ್ಲಿ ಹಾಕಿ ಸುಕ್ಕುಗಟ್ಟಿಸುತ್ತಾರೆ. ಇಡೀ ಹಣ್ಣನ್ನು ಬರೀ ಉಪ್ಪುನೀರಿನಲ್ಲಿ ಮುಳುಗಿಸಿಟ್ಟರೆ ಎಂಟು ಹತ್ತು ತಿಂಗಳು ಕಾಯಬೇಕು. ಆ ಅವಧಿಯಲ್ಲಿ ಯೀಸ್ಟ್‌ಗಳೂ ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾಗಳೂ ಕೆಲಸಕ್ಕಿಳಿಯುತ್ತವೆ. ಒಲ್ಯೂರೋಪೀನ್ ಸ್ವಲ್ಪ ಸ್ವಲ್ಪವೇ ಒಡೆದು ಹೈಡ್ರಾಕ್ಸಿಟೈರೋಸಾಲ್ ಮೊದಲಾದ, ಅಷ್ಟೇನೂ ಕಹಿಯಿಲ್ಲದ ತುಣುಕುಗಳಾಗುತ್ತದೆ. ಒಂದಿಷ್ಟು ನೀರಿಗೆ ಇಳಿದುಹೋಗುತ್ತದೆ. ಮಾವಿನ ಮಿಡಿಯನ್ನು ಉಪ್ಪಿನಲ್ಲಿ ಹಾಕಿ, ಅದು ಚಿರುಟುವವರೆಗೆ ಭರಣಿಗೆ ಕೈ ಹಾಕದೆ ಕಾಯುವ ಮಲೆನಾಡಿನವರಿಗೆ ಈ ತಾಳ್ಮೆಯನ್ನು ವಿವರಿಸಬೇಕಾಗಿಲ್ಲ. ಕಾರ್ಖಾನೆಗಳಲ್ಲಿ ಕಾಸ್ಟಿಕ್ ಸೋಡಾದ ದ್ರಾವಣ ಇದೇ ಕೆಲಸವನ್ನು ಕೆಲವೇ ಗಂಟೆಗಳಲ್ಲಿ ಮುಗಿಸುತ್ತದೆ. ಆದರೆ ಅದು ಕಹಿಯ ಜೊತೆಗೆ ರುಚಿಯನ್ನೂ ತೊಳೆದುಬಿಡುತ್ತದೆ.

ಎಣ್ಣೆಯ ಕಥೆ ಇನ್ನೂ ಸ್ವಾರಸ್ಯವಾದದ್ದು. ಗಾಣದಲ್ಲಿ ಕಾಯಿ ನುರಿದಾಗ ನಡೆಯುವುದೂ ಹುಳು ಅಗಿದಾಗ ನಡೆಯುವುದೇ: ಕೋಶಗಳು ಒಡೆದು, ಅದೇ ಕಿಣ್ವ ಹೊರಬೀಳುತ್ತದೆ. ಒಲ್ಯೂರೋಪೀನ್‌ನ ಹತ್ತಿರದ ಸಂಬಂಧಿಯಾದ ಲಿಗ್‌ಸ್ಟ್ರೋಸೈಡ್ ಎಂಬ ಪದಾರ್ಥವೂ ಹೀಗೆ ಸೀಳಿ, ಅದರಿಂದ ಓಲಿಯೋಕ್ಯಾಂಥಾಲ್ ಹುಟ್ಟುತ್ತದೆ. ಹೊಸ ಎಣ್ಣೆಯ ಒಂದು ಚಮಚ ನುಂಗಿದರೆ ಗಂಟಲಲ್ಲಿ ಚುರುಕ್ಕೆಂದು ಕೆಮ್ಮು ಬರುತ್ತದಲ್ಲ, ಅದು ಇದರ ಕೆಲಸ.

ಇದು ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದು ಆಕಸ್ಮಿಕವಾಗಿ. ಫಿಲಡೆಲ್ಫಿಯಾದ ಮೊನೆಲ್ ಸಂಶೋಧನಾ ಕೇಂದ್ರದ ಗ್ಯಾರಿ ಬೀಚಮ್ ನೋವು ನಿವಾರಕ ಐಬುಪ್ರೊಫೇನ್‌ನ ದ್ರವರೂಪದ ರುಚಿಯನ್ನು ಅಭ್ಯಾಸ ಮಾಡಿದ್ದರು. 1999ರಲ್ಲಿ ಸಿಸಿಲಿಯ ಒಂದು ಸಭೆಯಲ್ಲಿ ಹೊಸ ಆಲಿವ್ ಎಣ್ಣೆಯನ್ನು ನುಂಗಿದಾಗ ಅವರ ಗಂಟಲಿಗೆ ಅದೇ ಉರಿಯ ಗುರುತು ಸಿಕ್ಕಿತು. ಗುರುತು ಸುಳ್ಳಾಗಲಿಲ್ಲ. 2005ರಲ್ಲಿ ಅವರ ತಂಡ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿಕೊಟ್ಟಂತೆ, ಐಬುಪ್ರೊಫೇನ್ ತಡೆಯುವ ಉರಿಯೂತದ ಕಿಣ್ವಗಳನ್ನೇ ಓಲಿಯೋಕ್ಯಾಂಥಾಲ್ ಕೂಡ ತಡೆಯುತ್ತದೆ. ಮೆಣಸಿನಕಾಯಿಯ ಖಾರ ಬಾಯಿ ತುಂಬ ಉರಿಯುತ್ತದೆ, ಈ ಎಣ್ಣೆ ಗಂಟಲನ್ನು ಮಾತ್ರ ಏಕೆ ಕೆರಳಿಸುತ್ತದೆ? ಅದನ್ನು ಗುರುತಿಸುವ ಟಿಆರ್‌ಪಿಎ1 ಎಂಬ ಗ್ರಾಹಕ ಬಾಯಿಗಿಂತ ಗಂಟಲ ಭಾಗದಲ್ಲೇ ಹೆಚ್ಚು ಎಂಬುದು 2011ರ ಇನ್ನೊಂದು ಅಧ್ಯಯನದಲ್ಲಿ ತಿಳಿಯಿತು.

ಹಾಗೆಂದು ಎಣ್ಣೆಯನ್ನು ಮಾತ್ರೆ ಎಂದುಕೊಳ್ಳಬಾರದು. ದಿನಕ್ಕೆ 50 ಗ್ರಾಂ ಒಳ್ಳೆಯ ಎಣ್ಣೆ ತಿಂದರೂ ಸಿಗುವುದು ವಯಸ್ಕರ ಐಬುಪ್ರೊಫೇನ್ ಪ್ರಮಾಣದ ಸುಮಾರು ಹತ್ತನೇ ಒಂದು ಭಾಗಕ್ಕೆ ಸಮ. ತಲೆನೋವಿಗೆ ಅದು ಸಾಲದು. ಬದುಕಿಡೀ ದಿನದಿನವೂ ದೇಹಕ್ಕೆ ಸೇರುತ್ತಿದ್ದರೆ ಏನಾಗುತ್ತದೆ ಎಂಬುದು ಬೇರೆ ಪ್ರಶ್ನೆ.

ಆ ಪ್ರಶ್ನೆ ನಮ್ಮನ್ನು ಗ್ರೀಸ್‌ನ ಕ್ರೀಟ್ ದ್ವೀಪಕ್ಕೆ ಒಯ್ಯುತ್ತದೆ. ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ 1958ರಲ್ಲಿ ಆರಂಭಿಸಿದ ಏಳು ದೇಶಗಳ ಅಧ್ಯಯನದಲ್ಲಿ ಹೃದ್ರೋಗದ ಸಾವು ತೀರಾ ಕಡಿಮೆ ಕಂಡದ್ದು ಇಲ್ಲಿಯ ಗಂಡಸರಲ್ಲಿ. ಅವರು ಕೊಬ್ಬನ್ನು ಬಿಟ್ಟವರಲ್ಲ. ಊಟದ ಶಕ್ತಿಯ ಶೇ. 40ರಷ್ಟು ಕೊಬ್ಬಿನಿಂದಲೇ ಬರುತ್ತಿತ್ತು, ಅದರಲ್ಲಿ ಬಹುಪಾಲು ಆಲಿವ್ ಎಣ್ಣೆ. ಆದರೆ ಎಲ್ಲ ಕೀರ್ತಿಯನ್ನೂ ಎಣ್ಣೆಗೇ ಕೊಟ್ಟರೆ ಆ ಜನರಿಗೆ ಅನ್ಯಾಯ ಮಾಡಿದಂತೆ. ಅವರು ಗುಡ್ಡ ಹತ್ತಿಳಿದು ದುಡಿಯುತ್ತಿದ್ದ ಬಡ ರೈತರು. ಮಾಂಸ ಅವರಿಗೆ ಅಪರೂಪ. 1948ರಲ್ಲಿ ದ್ವೀಪದಲ್ಲಿ ನಡೆದ ಒಂದು ಸಮೀಕ್ಷೆಯಲ್ಲಿ ಅದು ಬೇಕಿತ್ತೆಂದು ಹೇಳಿಕೊಂಡವರು ಬಹಳ ಮಂದಿ. ಜೊತೆಗೆ ಆರ್ಥೊಡಾಕ್ಸ್ ಚರ್ಚಿನ ವ್ರತದ ದಿನಗಳೇ ವರ್ಷದಲ್ಲಿ 180ಕ್ಕೂ ಹೆಚ್ಚು. ಆಗ ಮಾಂಸ, ಹಾಲು, ಮೊಟ್ಟೆ ನಿಷಿದ್ಧ.

ಆ ದಿನಗಳಲ್ಲಿ ಹೊಟ್ಟೆ ಹೊರೆದದ್ದು ಬೇಳೆಕಾಳು ಮತ್ತು ಸೊಪ್ಪು. ಹೆಂಗಸರು ಮಳೆ ಬಿದ್ದ ಮೇಲೆ ಚಾಕು ಹಿಡಿದು ಗುಡ್ಡಕ್ಕೆ ಹೋಗಿ ತರುವ ಕಾಡುಸೊಪ್ಪಿಗೆಲ್ಲ ಹೋರ್ತಾ ಎಂದೇ ಹೆಸರು. ಮುಳ್ಳಿನ ನಡುವೆ ಬೆಳೆಯುವ ಸ್ತಮ್ನಗಾಥಿ ಕಹಿಯಾದದ್ದು; ಅದಕ್ಕೇ ಜನ ಅದನ್ನು ಹುಡುಕಿಕೊಂಡು ಹೋಗುತ್ತಾರೆ. ಬೇಸಿಗೆಯ ವ್ಲೀತಾ ನಮ್ಮ ಹರಿವೆಯ ಕುಲದ್ದೇ. ಸಲಾಡಿಗೆ ಹಾಕುವ ಗ್ಲಿಸ್ತ್ರೀದಾ ನಮ್ಮ ಹೊಲಗಳಲ್ಲೂ ಕಳೆಯಾಗಿ ಹಬ್ಬುವ ಗೋಣಿ ಸೊಪ್ಪು. ಒಮೇಗಾ-3 ಕೊಬ್ಬಿನಾಮ್ಲ ಇಷ್ಟೊಂದು ಇರುವ ಸೊಪ್ಪು ಅಪರೂಪ. ಹೋರ್ತಾವನ್ನು ಬೇಯಿಸಿ, ನೀರು ಬಸಿದು, ಮೇಲೆ ಹಸಿ ಎಣ್ಣೆ ಧಾರಾಳವಾಗಿ ಸುರಿದು ನಿಂಬೆ ಹಿಂಡುತ್ತಾರೆ. ಸೊಪ್ಪಿನ ಕೆರೋಟಿನಾಯ್ಡ್‌ಗಳು ಕರಗುವುದು ಕೊಬ್ಬಿನಲ್ಲಿ. ಎಣ್ಣೆ ಇಲ್ಲದೆ ಉಂಡರೆ ಅವುಗಳಲ್ಲಿ ಹೆಚ್ಚಿನವು ಹಾಗೇ ಹೊರಬೀಳುತ್ತವೆ. ಅಜ್ಜಿಯರು ಇದನ್ನು ಯಾವ ಪುಸ್ತಕದಿಂದಲೂ ಕಲಿತವರಲ್ಲ.

ಗಂಟಲು ಹಿಡಿಯುವ ಆ ಗುಣ ಎಣ್ಣೆಯಲ್ಲಿ ಬಹುಕಾಲ ಉಳಿಯುವುದಿಲ್ಲ. ಬೆಳಕು, ಬಿಸಿ, ಗಾಳಿ ತಾಗಿದಷ್ಟೂ ಓಲಿಯೋಕ್ಯಾಂಥಾಲ್ ಕರಗುತ್ತಾ ಹೋಗುತ್ತದೆ. ವರ್ಷ ಕಳೆದ ಎಣ್ಣೆ ನಯವಾಗಿ ಇಳಿಯುತ್ತದೆ. ಅದಕ್ಕೇ ನವೆಂಬರ್ ಬಂತೆಂದರೆ ಹಳ್ಳಿಯ ಗಾಣಗಳ ಬಳಿ ಜನ ಸೇರುತ್ತಾರೆ. ಬಲಿಯುವ ಮೊದಲೇ ಕಿತ್ತ ಕಾಯಿಯಿಂದ ಹಚ್ಚಹಸಿರಾಗಿ ಇಳಿಯುವ ಆ ಮೊದಲ ಎಣ್ಣೆಗೆ ಅಗುರೆಲಿಯೊ ಎಂದು ಹೆಸರು. ಒಲೆಯ ಮೇಲೆ ಬ್ರೆಡ್ಡು ಸುಟ್ಟು, ಆ ಎಣ್ಣೆಯಲ್ಲಿ ಅದ್ದಿ, ಉಪ್ಪು ಉದುರಿಸಿ ತಿನ್ನುತ್ತಾರೆ. ಕೆಮ್ಮು ಬಂದರೆ ಎಣ್ಣೆ ಒಳ್ಳೆಯದೆಂದು ತಲೆದೂಗಿ ಇನ್ನೊಂದು ತುಂಡು ಅದ್ದುತ್ತಾರೆ.