ಹಳೆ ಜೀಪಿನ ಮೂಲ ಇಂಜಿನ್: ಗುಜರಿಗೆ ಕೊಡುವ ಮುನ್ನ

ಕಳೆದ ತಿಂಗಳು ಸಂಘದ ಅಂಗಳದಲ್ಲಿ ಅಡಿಕೆ ಚೀಲ ತೂಕವಾಗುತ್ತಿದ್ದಾಗ ಹಿರಿಯ ಸದಸ್ಯರೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದು ಕೇಳಿದರು: "ಸೆಕ್ರೆಟ್ರಿಗಳೇ, ಕೊಟ್ಟಿಗೆಯಲ್ಲಿ ಹಳೆ ಪೆಟ್ರೋಲ್ ಜೀಪು ನಿಂತು ಆರು ವರ್ಷವಾಯಿತು. ಗುಜರಿಯವನು ಕಿಲೋ ಲೆಕ್ಕದಲ್ಲಿ ಕೇಳಿದ್ದಾನೆ. ಕೊಟ್ಟುಬಿಡಲೋ, ಡೀಸೆಲ್ ಇಂಜಿನ್ ಕೂರಿಸಲೋ?" ಹದಿನೈದು ದಿನ ತಡೆಯಿರಿ ಎಂದೆವು. ಇದೇ ಪ್ರಶ್ನೆಯನ್ನು ಬೇರೆ ಸದಸ್ಯರೂ ಕೇಳಿದ್ದುಂಟು. ನಿಂತಲ್ಲೇ ಹೇಳಿ ಮುಗಿಸುವ ಮಾತು ಅದಲ್ಲವಾದ್ದರಿಂದ, ನಮ್ಮ ಮನೆಯ ಜೀಪಿನ ಅನುಭವವನ್ನೇ ಮುಂದಿಟ್ಟು ಇಲ್ಲಿ ನಾಲ್ಕು ಮಾತು ಬರೆಯುತ್ತಿದ್ದೇವೆ.

ಜೀಪು ತೋಟಕ್ಕೆ ಬಂದ ಬಗೆ

ಜೀಪು ಹುಟ್ಟಿದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಅಮೆರಿಕದ ವಿಲ್ಲಿಸ್ ಕಂಪೆನಿಯು 1941ರಿಂದ 1945ರವರೆಗೆ ಸೈನ್ಯಕ್ಕಾಗಿ ಇವುಗಳನ್ನು ತಯಾರಿಸಿತು. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಸಂಸ್ಥೆಯವರು ವಿಲ್ಲಿಸ್ ಜೀಪಿನ ಭಾಗಗಳನ್ನು ತರಿಸಿ ಮುಂಬಯಿಯ ಮಜಗಾಂವ್‌ನಲ್ಲಿ ಜೋಡಿಸತೊಡಗಿದರು. ನಮ್ಮ ಕಡೆ ಹೆಚ್ಚಾಗಿ ಕಾಣುವ, ಬಾನೆಟ್ ಎತ್ತರವಿರುವ ಮಾದರಿಯ ಹೆಸರು ಸಿ.ಜೆ. 3ಬಿ. ಅಮೆರಿಕದಲ್ಲಿ ಅದು 1953ರಲ್ಲಿ ಬಂತು. ಅಲ್ಲಿ ನಿಂತ ಮೇಲೂ ನಮ್ಮ ದೇಶದಲ್ಲಿ ಅದರ ತಯಾರಿಕೆ ಬಹುಕಾಲ ನಡೆಯಿತು.

ಟಾರು ರಸ್ತೆ ಕಾಣದ ಮಲೆನಾಡಿಗೆ ಅದು ದೊಡ್ಡ ಆಸರೆಯಾಯಿತು. ಎತ್ತಿನ ಗಾಡಿ ಹೋಗುವ ಕಡೆಗೆಲ್ಲ ಜೀಪು ಹೋಯಿತು. ಗಾಡಿ ಹೋಗಲಾರದ ಕೆಸರಿನಲ್ಲಿ ನಾಲ್ಕು ಚಕ್ರಕ್ಕೂ ಎಳೆತ ಕೊಟ್ಟು ಹತ್ತಿತು. ನಮ್ಮ ತಂದೆಯವರು ಜೀಪು ಕೊಂಡದ್ದು 1969ರಲ್ಲಿ. ಕಾಫಿ ಚೀಲ, ಗೊಬ್ಬರ, ಮೈಲುತುತ್ತ, ಮದುವೆಯ ದಿಬ್ಬಣ, ನಡುರಾತ್ರಿ ಹೆರಿಗೆ ನೋವಿನ ಹೆಂಗಸರು, ಎಲ್ಲವನ್ನೂ ಅದು ಹೊತ್ತಿದೆ. ನಮ್ಮ ಊರಿನಲ್ಲಿ ಈಗ ಐವತ್ತರ ಆಸುಪಾಸಿನಲ್ಲಿರುವ ಕೆಲವರು ಆಸ್ಪತ್ರೆ ತಲಪುವ ಮೊದಲೇ ಆ ಜೀಪಿನಲ್ಲಿ ಹುಟ್ಟಿದವರು.

ಆ ಇಂಜಿನ್ನಿನ ವಿಶೇಷ

ಅದರ ಹೆಸರು ಹರಿಕೇನ್. ನಾಲ್ಕು ಸಿಲಿಂಡರು, 2199 ಸಿ.ಸಿ. ಅದಕ್ಕಿಂತ ಹಿಂದಿನ ಯುದ್ಧಕಾಲದ ಇಂಜಿನ್ನಿನಲ್ಲಿ ಎಲ್ಲ ವಾಲ್ವುಗಳೂ ಬ್ಲಾಕಿನಲ್ಲೇ ಇದ್ದವು. ಶಕ್ತಿ 60 ಅಶ್ವಬಲ. ಹರಿಕೇನ್‌ನಲ್ಲಿ ಪೆಟ್ರೋಲು ಬೆರೆತ ಗಾಳಿ ಒಳಬರುವ ವಾಲ್ವುಗಳನ್ನು ಮೇಲಿನ ಹೆಡ್ಡಿಗೆ ಏರಿಸಿ, ಹೊಗೆ ಹೊರಹೋಗುವ ವಾಲ್ವುಗಳನ್ನು ಬ್ಲಾಕಿನಲ್ಲೇ ಉಳಿಸಿದರು. ಒಳಬರುವ ದಾರಿ ಅಗಲವಾಗಿ ಶಕ್ತಿ 70 ಅಶ್ವಬಲ ದಾಟಿತು. ಹೆಡ್ಡು ಎತ್ತರವಾದದ್ದರಿಂದಲೇ ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ಅಂದರೆ ಈ ಜೀಪಿನ ಮುಖವನ್ನು ರೂಪಿಸಿದ್ದೇ ಅದರ ಇಂಜಿನ್.

ಸಿಲಿಂಡರಿನ ಅಗಲ 79 ಮಿಲಿಮೀಟರಿನಷ್ಟು, ಪಿಸ್ಟನ್ನಿನ ಓಟ 111 ಮಿಲಿಮೀಟರು. ಇಂತಹ ಉದ್ದ ಓಟದ ಇಂಜಿನ್ ನಿಧಾನವಾಗಿ ತಿರುಗುವಾಗಲೇ ಚೆನ್ನಾಗಿ ಎಳೆಯುತ್ತದೆ. ಏರಿನಲ್ಲಿ ಎರಡನೇ ಗೇರಿಗೆ ಹಾಕಿ ಕಾಲು ಸಡಿಲಬಿಟ್ಟರೂ ಉಸಿರುಗಟ್ಟದೆ ಹತ್ತುವುದನ್ನು ಓಡಿಸಿದವರೆಲ್ಲ ಬಲ್ಲರು. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಪಾಯಿಂಟ್, ಕಂಡೆನ್ಸರ್, ಪ್ಲಗ್, ಕಾರ್ಬುರೇಟರ್, ಇಷ್ಟನ್ನು ತಿಳಿದವನು ಮರದ ಕೆಳಗೆ ಕೂತು ರಿಪೇರಿ ಮಾಡಬಲ್ಲ.

ನಾವು ಮಾಡಿದ ತಪ್ಪು

ಆದರೆ ಪೆಟ್ರೋಲು ಕುಡಿಯುವುದರಲ್ಲೂ ಅದು ಗಟ್ಟಿಗನೇ. ನಮ್ಮ ಜೀಪು ಲೀಟರಿಗೆ ಏಳೆಂಟು ಕಿಲೋಮೀಟರಿಗಿಂತ ಹೆಚ್ಚು ಕೊಟ್ಟದ್ದಿಲ್ಲ. 1973ರಲ್ಲೂ 1979ರಲ್ಲೂ ಜಗತ್ತಿನಾದ್ಯಂತ ತೈಲದ ಬೆಲೆ ಏರಿದ ಮೇಲೆ ಬೆಳೆಗಾರರು ಒಬ್ಬೊಬ್ಬರಾಗಿ ಪೆಟ್ರೋಲ್ ಇಂಜಿನ್ ಇಳಿಸಿ ಡೀಸೆಲ್ ಕೂರಿಸಿದರು. ನಮ್ಮ ತಂದೆಯವರೂ 1989ರಲ್ಲಿ ಹಾಗೇ ಮಾಡಿದರು. ಆಗಿನ ಲೆಕ್ಕದಲ್ಲಿ ಅದು ತಪ್ಪಲ್ಲ. ಖರ್ಚು ಅರ್ಧಕ್ಕಿಳಿಯಿತು, ಆ ಉಳಿತಾಯ ನಮ್ಮ ಓದಿಗೂ ಆಯಿತು.

ತಪ್ಪಾದದ್ದು ನಮ್ಮಿಂದ. ಬಿ.ಎಸ್ಸಿ. ಮುಗಿಸಿ 1991ರಲ್ಲಿ ಊರಿಗೆ ಬಂದವರು ಪಲ್ಪರ್ ಮನೆಯ ಹಿಂದೆ ಇಳಿಸಿಟ್ಟಿದ್ದ ಆ ಇಂಜಿನ್ನಿನ ಪ್ಲಗ್ಗುಗಳನ್ನು ಯಾವುದೋ ಕೆಲಸಕ್ಕೆಂದು ಬಿಚ್ಚಿಕೊಂಡೆವು, ತೂತು ಮುಚ್ಚಲಿಲ್ಲ. ಮಳೆಗಾಲದ ತೇವ ಒಳಗಿಳಿಯಿತು, ಕಣಜ ಮಣ್ಣಿನ ಗೂಡು ಕಟ್ಟಿತು. ಇಪ್ಪತ್ತೇಳು ವರ್ಷದ ಬಳಿಕ, 2018ರಲ್ಲಿ ಹೊದಿಸಿದ್ದ ಗೋಣಿ ಸರಿಸಿ ನೋಡಿದಾಗ ಇಂಜಿನ್ ಮಿಸುಕಲಿಲ್ಲ. ನಾಲ್ಕನೆಯ ಸಿಲಿಂಡರಿನಲ್ಲಿ ಪಿಸ್ಟನ್ ತುಕ್ಕಿನಲ್ಲಿ ಕಚ್ಚಿಕೊಂಡಿತ್ತು. ಎರಡು ರೂಪಾಯಿಯ ಎಣ್ಣೆ, ನಾಲ್ಕು ಮರದ ಬಿರಡೆ ಇದ್ದಿದ್ದರೆ ಸಾಕಿತ್ತು.

ಮತ್ತೆ ಕೂರಿಸಿದ್ದು

ಅಷ್ಟರಲ್ಲಿ ಡೀಸೆಲ್ ಇಂಜಿನ್ನಿನ ಭಾರಕ್ಕೂ ನಡುಕಕ್ಕೂ ಚಾಸಿಯಲ್ಲಿ ಎರಡು ಕಡೆ ಬಿರುಕು ಬಿಟ್ಟಿತ್ತು. ಅದನ್ನು ಇನ್ನೊಮ್ಮೆ ಬೆಸುಗೆ ಹಾಕಿಸುವ ಬದಲು ಮೂಲ ಇಂಜಿನ್ನನ್ನೇ ಎಬ್ಬಿಸೋಣವೆಂದು ನಿಶ್ಚಯಿಸಿದೆವು. ತಂದೆಯವರು ಒಪ್ಪಲಿಲ್ಲ. "ಆ ಆನೆಯನ್ನು ಮತ್ತೆ ಮನೆಮುಂದೆ ಕಟ್ಟುತ್ತೀಯಲ್ಲ ಮಾರಾಯ" ಎಂದು ಎದ್ದುಹೋದರು.

ಕೆಲಸ ಹನ್ನೊಂದು ತಿಂಗಳು ಹಿಡಿಯಿತು. ಸಿಲಿಂಡರುಗಳಿಗೆ ಡೀಸೆಲ್ ಮತ್ತು ಆಯಿಲ್ ಬೆರೆಸಿ ಸುರಿದು ಮೂರು ವಾರ ನೆನೆಸಿ, ಮರದ ತುಂಡಿಟ್ಟು ಮೆಲ್ಲನೆ ತಟ್ಟಿ ಪಿಸ್ಟನ್ ಬಿಡಿಸಿದ್ದಾಯಿತು. ಶಿವಮೊಗ್ಗದ ಲೇತಿನಲ್ಲಿ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಿದೆವು. ಎರಡು ಕ್ವಿಂಟಾಲ್ ರಾಶಿ ಅಡಿಕೆ ಮಾರಿದ ಹಣ ಕರಗಿತು. ಈ ಇಂಜಿನ್ನಿನ ನಾಡಿ ಹಿಡಿದು ಬಲ್ಲ ಮೇಸ್ತ್ರಿಗೆ ಆಗಲೇ ಎಪ್ಪತ್ತು ದಾಟಿತ್ತು, ಈಗ ಅವರಿಲ್ಲ. ಹಣಕ್ಕಿಂತ ಈ ವಿಷಯವನ್ನೇ ಸದಸ್ಯರು ಯೋಚಿಸಬೇಕು. ಬಿಡಿಭಾಗ ಹುಡುಕಿದರೆ ಇಂದೂ ಸಿಕ್ಕೀತು. ಬಲ್ಲ ಕೈಗಳು ವರ್ಷವರ್ಷಕ್ಕೆ ಕಡಿಮೆಯಾಗುತ್ತಿವೆ.

ಇಂದಿನ ಪೆಟ್ರೋಲು

ಇನ್ನೊಂದು ತೊಡಕು ಬಂಕಿನಿಂದಲೇ ಬರುತ್ತದೆ. 2025ರ ಹೊತ್ತಿಗೆ ದೇಶದಲ್ಲಿ ಮಾರಾಟವಾಗುವ ಸಾಮಾನ್ಯ ಪೆಟ್ರೋಲಿನಲ್ಲಿ ಎಥನಾಲಿನ ಪಾಲು ಶೇಕಡಾ 20ಕ್ಕೆ ಮುಟ್ಟಿತು. ಹಳೆ ಇಂಜಿನ್ನಿನ ರಬ್ಬರು ಭಾಗಗಳು ಎಥನಾಲಿಗಾಗಿ ಮಾಡಿದವಲ್ಲ. ಪೈಪುಗಳು ಮೆತ್ತಗಾಗುತ್ತವೆ, ಪೆಟ್ರೋಲ್ ಪಂಪಿನ ಡಯಾಫ್ರಂ ಸೀಳುತ್ತದೆ. ಎಥನಾಲು ಗಾಳಿಯ ತೇವವನ್ನೂ ಹೀರುತ್ತದೆ. ನಮ್ಮ ಮಳೆಗಾಲದಲ್ಲಿ ಗಾಡಿ ಮೂರು ತಿಂಗಳು ನಿಂತರೆ ನೀರು ಬೇರ್ಪಟ್ಟು ಟ್ಯಾಂಕಿನ ತಳ ಸೇರಿ ತುಕ್ಕು ಹಿಡಿಸೀತು.

ನಮಗೇ ಆದದ್ದನ್ನು ಹೇಳುತ್ತೇವೆ. ಒಂದು ದಿನ ಚೀಲ ಹೇರಿಕೊಂಡು ಸಂಘಕ್ಕೆ ಬರುವಾಗ ಏರಿನ ನಡುವೆ ಜೀಪು ನಿಂತಿತು. ಆಯಿಲ್ ಅಳತೆಯ ಕಡ್ಡಿ ತೆಗೆದರೆ ಆಯಿಲ್ ಮಟ್ಟ ಏರಿದೆ, ಮೂಗಿಗೆ ಪೆಟ್ರೋಲು ವಾಸನೆ! ಡಯಾಫ್ರಂ ಸೀಳಿ ಪೆಟ್ರೋಲು ಸಂಪಿಗೆ ಇಳಿದು ಆಯಿಲನ್ನು ತೆಳ್ಳಗೆ ಮಾಡಿತ್ತು. ಇನ್ನೂ ಎರಡು ಮೈಲಿ ಓಡಿಸಿದ್ದರೆ ಬೇರಿಂಗು ಹೋಗುತ್ತಿತ್ತು. ಅಂದಿನಿಂದ ವಾರಕ್ಕೊಮ್ಮೆ ಕಡ್ಡಿ ತೆಗೆದು ಮೂಸಿ ನೋಡುವುದು ನಮ್ಮ ರೂಢಿ.

ಕಾನೂನಿನ ಮಾತು

ಕೇಂದ್ರ ಸರಕಾರವು 2021ರ ಜುಲೈಯಲ್ಲಿ ಹಳೆಯ ವಾಹನಗಳಿಗೆಂದು ಪ್ರತ್ಯೇಕ ನೋಂದಣಿಯ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಸ್ವಂತ ಬಳಕೆಯ ಎರಡು ಹಾಗೂ ನಾಲ್ಕು ಚಕ್ರದ ವಾಹನಗಳು ಇದರಡಿ ವಿಂಟೇಜ್ ಎನಿಸುತ್ತವೆ. ಆದರೆ ಗಾಡಿ ಮೂಲರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಇಂಜಿನ್ ಇವುಗಳಲ್ಲಿ ಮಾರ್ಪಾಡು ಆಗಿರಬಾರದು. ಹೊಸದಾಗಿ ನೋಂದಾಯಿಸಲು ಶುಲ್ಕ 20,000 ರೂ., ಅವಧಿ 10 ವರ್ಷ. ಮೊದಲೇ ನೋಂದಣಿಯಾದ ಗಾಡಿಗೆ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು.

ಇಲ್ಲೊಂದು ಎಚ್ಚರಿಕೆ. ಹೀಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕಾಗಲಿ ವ್ಯಾಪಾರಕ್ಕಾಗಲಿ ರಸ್ತೆಯಲ್ಲಿ ಬಳಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲು ತುಂಬಿಸುವುದು ಇಂತಹ ಕೆಲಸಗಳಿಗೆ ಮಾತ್ರ ಅವಕಾಶ. ಚೀಲ ಹೊರುವ ಜೀಪಿಗೆ ಅದು ಹೊಂದುವುದಿಲ್ಲವಾದ್ದರಿಂದ ನಾವು ಸಾಮಾನ್ಯ ನೋಂದಣಿಯಲ್ಲೇ ಉಳಿದು ಐದು ವರ್ಷಕ್ಕೊಮ್ಮೆ ನವೀಕರಿಸುತ್ತಿದ್ದೇವೆ. 20 ವರ್ಷ ಮೀರಿದ ಲಘು ವಾಹನಗಳಿಗೆ ಈ ನವೀಕರಣ ಶುಲ್ಕವನ್ನು 2025ರ ಆಗಸ್ಟಿನಲ್ಲಿ 10,000 ರೂ.ಗೆ ಏರಿಸಲಾಗಿದೆ. ಇಂಜಿನ್ ಬದಲಿಸುವವರು ಮೊದಲು ಆರ್.ಟಿ.ಓ. ಕಚೇರಿಗೆ ಅರ್ಜಿ ಕೊಟ್ಟು ಆಮೇಲೆ ಸ್ಪ್ಯಾನರ್ ಹಿಡಿಯಬೇಕು. ಇಂಜಿನ್ ನಂಬರು ಆರ್.ಸಿ. ಪುಸ್ತಕದೊಂದಿಗೆ ತಾಳೆಯಾಗದ ಗಾಡಿಗೆ ಅಪಘಾತವಾದ ದಿನ ವಿಮೆಯ ತಕರಾರು ತಪ್ಪದು.

ಹಳೆ ಗಾಡಿ ಇಟ್ಟುಕೊಂಡವರಿಗೆ

1. ಬಹುಕಾಲ ನಿಂತ ಇಂಜಿನ್ನಿಗೆ ಬ್ಯಾಟರಿ ಕೊಟ್ಟು ಒಮ್ಮೆಲೇ ಸೆಲ್ಫ್ ಹೊಡೆಯಬೇಡಿ. ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೆ ಎರಡು ಚಮಚ ಆಯಿಲ್ ಹಾಕಿ, ನಾಲ್ಕು ದಿನ ಬಿಟ್ಟು ಹ್ಯಾಂಡಲಿನಿಂದ ಕೈಯಲ್ಲಿ ತಿರುಗಿಸಿ ನೋಡಿ.

2. ಹಳೆಯ ಪೆಟ್ರೋಲು ಪೂರ್ತಿ ಇಳಿಸಿ ಟ್ಯಾಂಕು ತೊಳೆಸಿ. ರಬ್ಬರು ಪೈಪು ಮತ್ತು ಡಯಾಫ್ರಂಗಳನ್ನು ಎಥನಾಲು ತಡೆಯುವ ಜಾತಿಯವಕ್ಕೆ ಬದಲಿಸಿ.

3. ವಾರಕ್ಕೊಮ್ಮೆಯಾದರೂ ಇಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸಿ. ನಿಂತಲ್ಲೇ ಐದು ನಿಮಿಷ ಚಾಲೂ ಇಟ್ಟು ಆರಿಸಿದರೆ ಒಳಗೆ ತೇವ ಕೂಡುತ್ತದೆಯೇ ಹೊರತು ಆರುವುದಿಲ್ಲ.

4. ಏರು ಹತ್ತಿ ಕುದಿಯುತ್ತಿರುವ ರೇಡಿಯೇಟರಿಗೆ ಹಳ್ಳದ ತಣ್ಣೀರು ಸುರಿಯಬೇಡಿ. ಎರಕದ ಬ್ಲಾಕು ಬಿರಿಯುತ್ತದೆ.

5. ಮೈಲುತುತ್ತ, ಬೋರ್ಡೋ ದ್ರಾವಣ ಸಾಗಿಸಿದ ದಿನವೇ ತಳ ತೊಳೆಯಿರಿ. ತಗಡನ್ನು ಅದು ಬೇಗ ತಿನ್ನುತ್ತದೆ.

6. ಡೀಸೆಲ್ ಕೂರಿಸಲೇಬೇಕಾದರೆ ಕೂರಿಸಿ. ಆದರೆ ಮೂಲ ಇಂಜಿನ್ನನ್ನು ಮಾರಬೇಡಿ. ಆಯಿಲ್ ಹಾಕಿ, ತೂತುಗಳನ್ನೆಲ್ಲ ಮುಚ್ಚಿ, ನೆಲದಿಂದ ಎತ್ತರದಲ್ಲಿಡಿ.

ನಮ್ಮ ಉತ್ತರ

ಹಿರಿಯ ಸದಸ್ಯರಿಗೆ ನಮ್ಮ ಉತ್ತರ ಇಷ್ಟು. ಬ್ಲಾಕು ಒಡೆದಿದ್ದರೆ, ಚಾಸಿ ತುಕ್ಕು ತಿಂದಿದ್ದರೆ ಮೋಹ ಬೇಡ. ಉಪಯೋಗದ ಭಾಗ ತೆಗೆದಿಟ್ಟುಕೊಂಡು ಉಳಿದದ್ದನ್ನು ಕೊಟ್ಟುಬಿಡಿ. ಆದರೆ ಇಂಜಿನ್ ಕೈಯಲ್ಲಿ ತಿರುಗುತ್ತದೆ, ನಂಬರು ಆರ್.ಸಿ.ಯೊಂದಿಗೆ ಕೂಡುತ್ತದೆ ಎಂದಾದರೆ ಕಿಲೋ ಲೆಕ್ಕದಲ್ಲಿ ಕೊಡಬೇಡಿ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕಾರುಗಳ ಸಾಲನ್ನು ನಮ್ಮವರು ಬೆರಗಿನಿಂದ ನೋಡಿ ಬರುತ್ತಾರೆ. ಅಂಥದ್ದೇ ಒಂದು ಸ್ವಂತ ಕೊಟ್ಟಿಗೆಯಲ್ಲಿ ಕೋಳಿ ಕೂರುವ ಜಾಗವಾಗಿದೆ ಎಂಬುದು ಮರೆತುಹೋಗುತ್ತದೆ.

ನಮ್ಮ ಸಂಘದ ಸದಸ್ಯರಲ್ಲಿ ಯಾರ ಬಳಿ ಹಳೆ ಜೀಪಿನ ಇಂಜಿನ್, ಕಾರ್ಬುರೇಟರ್, ಗೇರ್‌ಬಾಕ್ಸ್ ಮುಂತಾದ ಭಾಗಗಳು ಸುಮ್ಮನೆ ಬಿದ್ದಿವೆಯೋ ಅವರು ಕಚೇರಿಯಲ್ಲಿ ಬರೆಯಿಸಬೇಕಾಗಿ ವಿನಂತಿ. ಬೇಕಾದವರಿಗೂ ಇದ್ದವರಿಗೂ ಒಂದು ಪಟ್ಟಿ ಸಿದ್ಧವಾದರೆ ಎಲ್ಲರಿಗೂ ಅನುಕೂಲ. ಈ ಕೆಲಸ ಕಲಿಯುವ ಆಸೆಯಿರುವ ಹುಡುಗರಿದ್ದರೆ ಅವರ ಹೆಸರನ್ನೂ ಕೊಡಿ. ಬಲ್ಲ ಮೇಸ್ತ್ರಿಗಳು ಇನ್ನೂ ಇಬ್ಬರು ಮೂವರು ಇರುವಾಗಲೇ ಇದು ಆಗಬೇಕು.

ಕಡೆಯದಾಗಿ ಒಂದು ಮಾತು. 2019ರಲ್ಲಿ ಜೀಪು ಮೊದಲ ಬಾರಿಗೆ ಚಾಲೂ ಆದ ಸಂಜೆ ತಂದೆಯವರು ಜಗಲಿಯಿಂದ ಇಳಿಯಲಿಲ್ಲ, ಮಾತೂ ಆಡಲಿಲ್ಲ. ಮರುದಿನ ಬೆಳಿಗ್ಗೆ ಕಾಫಿ ಕುಡಿದವರೇ ಟೋಪಿ ಹಾಕಿಕೊಂಡು ಬಂದು ಎಡಗಡೆ ಸೀಟಿನಲ್ಲಿ ಕುಳಿತರು. "ಸಂಘದವರೆಗೆ ಹೋಗಿ ಬರೋಣ, ನಡಿ" ಎಂದರು. ಏರು ಬಂದಾಗ ನಾವು ಗೇರ್ ಬದಲಿಸಲು ಕೈಯಿಟ್ಟರೆ, ಬೇಡ, ಎಳೆಯುತ್ತದೆ ಎಂದು ಕೈಸನ್ನೆ ಮಾಡಿದರು. ಎಳೆಯಿತು.

— ಕಾರ್ಯದರ್ಶಿ